ಹೆಂಡತಿ ತೂಕಡಿಸಿದ ಪುಟಗಳು

ಕಾದಂಬರಿ ಬರೆಯುವುದು ಕಷ್ಟ ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ. ಬರೆದದ್ದನ್ನು ಕಡಿಯುವುದಿದೆಯಲ್ಲ, ಅದು ಜೀವ ಹಿಂಡುವ ಕೆಲಸ. ತಮಿಳುನಾಡಿನ ಮಾಧವರಂ ಬಸ್ ನಿಲ್ದಾಣದ ಹತ್ತಿರ ಮೂವತ್ತು ವರ್ಷ ಹೋಟೆಲ್ ನಡೆಸಿದರೂ ನಾನು ಇಷ್ಟು ದಣಿದಿರಲಿಲ್ಲ. ಬೆಂಗಳೂರಿನ ಪ್ರಕಾಶಕರು ಹಸ್ತಪ್ರತಿ ವಾಪಸು ಕಳಿಸಿ, ಅರವತ್ತು ಪುಟ ತೆಗೆದರೆ ಮಾತ್ರ ಅಚ್ಚು ಹಾಕುತ್ತೇವೆ ಎಂದು ಬರೆದಿದ್ದರು. ನನಗೆ ಅರವತ್ತೆಂಟು. ಇದೇ ಮೊದಲ ಪುಸ್ತಕ. ಇದು ಹೊರಬರದಿದ್ದರೆ ಇನ್ನೊಂದು ಬರೆಯುವ ತ್ರಾಣ ನನ್ನಲ್ಲಿಲ್ಲ.

ನನ್ನ ಕಣ್ಣಿಗೆ ಎಲ್ಲ ವಾಕ್ಯವೂ ಚೆಂದವೇ. ಅದಕ್ಕೆ ಒಂದು ಉಪಾಯ ಮಾಡಿದೆ. ಮಧ್ಯಾಹ್ನ ಊಟವಾದ ಮೇಲೆ ಹೆಂಡತಿ ಕುಳಿತು ಸೊಪ್ಪು ಬಿಡಿಸುವಾಗ ಗಟ್ಟಿಯಾಗಿ ಓದುವುದು. ಅವಳು ತೂಕಡಿಸಿದಲ್ಲಿ ಪೆನ್ಸಿಲಿನಿಂದ ಗೀಟು ಎಳೆಯುವುದು. ಸೂರ್ಯೋದಯದ ವರ್ಣನೆಗೆ ಅವಳು ಎರಡನೇ ಸಾಲಿಗೇ ಕಣ್ಣು ಮುಚ್ಚಿದಳು. ಸಿಟ್ಟು ನೆತ್ತಿಗೇರಿತು, ಆದರೂ ಗೀಟು ಎಳೆದೆ. ನಾಯಕನ ತತ್ವಚಿಂತನೆ ಬಂದಾಗ ಮಾತ್ರ ಎಚ್ಚರವಾಗಿದ್ದಳು. "ಇವ ಎಂತ ಮಾರಾಯ್ರೆ, ಒಂದೇ ಮಾತನ್ನು ಮೂರು ಸಲ ಹೇಳ್ತಾನೆ? ಕೇಳುವವರು ಎದ್ದು ಹೋಗ್ತಾರೆ" ಎಂದಳು. ಒಳಗಿನಿಂದ ಮಗಳು ತಮಿಳಿನಲ್ಲಿ ಕೂಗಿದಳು: "ಅಪ್ಪಾ, ಪೋದುಂ ಪಾ!" ಸಾಕಂತೆ. ನನಗೂ ಸಾಕುಸಾಕಾಗಿತ್ತು. ಹೀಗೆ ಮೂರು ವಾರದಲ್ಲಿ ನಲವತ್ತು ಪುಟ ಹೋಯಿತು.

ಉಳಿದ ಇಪ್ಪತ್ತಕ್ಕೆ ಪ್ರಕಾಶಕರೇ ಬೆರಳು ತೋರಿಸಿದ್ದರು. ಊರಿನಿಂದ ಅತ್ತೆಗೆ ಸೀರಿಯಸ್ ಎಂದು ಫೋನ್ ಬಂದೊಡನೆ ನಾಯಕ ಕೈಯಲ್ಲಿದ್ದ ಕೆಲಸ ಬಿಟ್ಟು ಹೆಂಡತಿಯೊಂದಿಗೆ ಬಸ್ಸು ಹತ್ತುತ್ತಾನೆ. ಅವಳು ಹೋಗಿ ತಾಯಿಯ ಬಾಯಿಗೆ ನೀರು ಬಿಡುತ್ತಾಳೆ. ಕಥೆಗೆ ಬೇಡದ ಅಧ್ಯಾಯ ಎಂದಿದ್ದರು. ನಿಜ, ಬೇಡವೇ ಬೇಡ. ಆದರೂ ಅಭ್ಯಾಸಬಲದಿಂದ ಅದನ್ನೂ ಓದಿದೆ.

ನನ್ನ ಹೆಂಡತಿ ತೂಕಡಿಸಲಿಲ್ಲ. ಕೈಯಲ್ಲಿದ್ದ ಸೊಪ್ಪು ಕೈಯಲ್ಲೇ ಇತ್ತು. ಥೂ, ಯಾರ ಮುಂದೆ ಏನು ಓದುತ್ತಿದ್ದೇನೆ ಎಂದು ನನಗೆ ಆಗ ಹೊಳೆಯಿತು. ಅವಳ ತಾಯಿಗೆ ಸೀರಿಯಸ್ ಎಂದು ಫೋನ್ ಬಂದ ದಿನ ನಮಗೆ ಮಣಲಿಯ ಕಾರ್ಖಾನೆಯೊಂದರ ಊಟದ ಆರ್ಡರ್ ಇತ್ತು. "ನಾಳೆ ಆರ್ಡರ್ ಮುಗಿಸಿ ಹೋಗುವ" ಎಂದಿದ್ದೆ. ಅವಳು ಹೋಗಿ ಇಡ್ಲಿಗೆ ರುಬ್ಬಿದಳು. ನಾವು ಊರು ಮುಟ್ಟುವಾಗ ಎಲ್ಲ ಮುಗಿದು ಬೂದಿ ತಣ್ಣಗಾಗಿತ್ತು. ಇಪ್ಪತ್ತು ವರ್ಷದಲ್ಲಿ ಆ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕಾದಂಬರಿಯಲ್ಲಿ ಮಾತ್ರ ಒಳ್ಳೆಯ ಗಂಡನಾದೆ. ಪೆನ್ಸಿಲ್ ಎತ್ತಿಕೊಂಡೆ.

"ಇದು ಸುಳ್ಳು. ಹೊಡೆದುಹಾಕ್ತೇನೆ" ಎಂದೆ.

"ಬೇಡ" ಎಂದಳು. "ಬೇರೆ ಎಂತ ಬೇಕಾದ್ರೂ ತೆಗೀರಿ. ಅವಳಾದ್ರೂ ಅಮ್ಮನ ಮುಖ ನೋಡ್ಲಿ."

ಕಡಿಯಲು ಬೇರೇನೂ ಉಳಿದಿರಲಿಲ್ಲ. ಅಧ್ಯಾಯವನ್ನು ಹಾಗೇ ಇಟ್ಟು ಕಳಿಸಿದೆ. ವಾರದೊಳಗೆ ಪ್ರಕಾಶಕರು ಆಗುವುದಿಲ್ಲ ಎಂದು ಬರೆದರು. ಪುಸ್ತಕ ಯಾವಾಗ ಬರುತ್ತದೆ ಎಂದು ಅವಳು ದಿನಾ ಕೇಳುತ್ತಾಳೆ. ಅಚ್ಚಿಗೆ ಹೋಗಿದೆ ಎನ್ನುತ್ತೇನೆ.