ಎತ್ತು ಮಾರಿದ ಹಾಗೆ ಕಾರು ಮಾರಿದ್ದು

ಬೆಳಿಗ್ಗೆ ರೊಟ್ಟಿ ಮುರಿಯುತ್ತಿದ್ದೆ, ಫೋನು ಟಣ್ ಎಂದಿತು. ನೋಡಿದರೆ, ಹೋದ ವರ್ಷವೇ ಮಾರಿಬಿಟ್ಟಿದ್ದ ಕಾರಿನ ವಿಮೆ ತನ್ನಷ್ಟಕ್ಕೆ ತಾನೇ ನವೀಕರಣವಾಗಿ ನನ್ನ ಖಾತೆಯಿಂದ ರೊಕ್ಕ ಹೋಗಿತ್ತು. ನನಗೆ ಮೈಯೆಲ್ಲ ಉರಿಯಿತು.

"ಯಾರನ್ನ ಕೇಳಿ ತಗೊಂಡ್ರಲೇ ಇವರು?" ಎಂದು ಫೋನಿಗೇ ಬೈದೆ.

"ನಿಮ್ಮನ್ನ ಕೇಳೇ ತಗೊಂಡಿರ್ತಾರ," ಎಂದಳು ಹೆಂಡತಿ. "ಬಂದದ್ದಕ್ಕೆಲ್ಲಾ ಹೂಂ ಅಂತ ಒತ್ತೋರು ನೀವೇ ಅಲ್ಲೇನ್ರಿ?"

ಮಾತು ಖರೆ. ಹೋದ ಸಲ ವಿಮೆ ಕಟ್ಟುವಾಗ, ಪ್ರತಿವರ್ಷ ತಾನಾಗಿಯೇ ಕಟ್ಟಿಕೊಳ್ಳಲಿ ಎಂಬುದಕ್ಕೆ ನಾನೇ ಒತ್ತಿದ್ದೆ. ಆದರೆ ಅವಳೆದುರು ಅದನ್ನು ಒಪ್ಪುವುದುಂಟೇ? ವಿಮೆ ಕಂಪನಿಗೆ ಫೋನು ಹಚ್ಚಿದೆ. ಸಾಕಾಗುವಷ್ಟು ಹಾಡು ಕೇಳಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು. ನನ್ನ ಕೂಗಾಟವನ್ನೆಲ್ಲ ಸಮಾಧಾನದಿಂದ ಕೇಳಿಸಿಕೊಂಡಳು, ಪಾಪ.

"ಸರ್, ಗಾಡಿ ಮಾರಿದ ಮೇಲೆ ಹೆಸರು ಬದಲಾಯಿಸಿದ್ದೀರಾ?"

"ಇಲ್ಲವ್ವಾ."

"ಹಾಗಾದರೆ ಕಾಗದದಲ್ಲಿ ಅದು ಈಗಲೂ ನಿಮ್ಮದೇ ಸರ್. ಮೊದಲು ಆರ್‌ಸಿಯಲ್ಲಿ ಹೆಸರು ಬದಲಾಯಿಸಿ. ಅಲ್ಲಿವರೆಗೆ ಆ ಗಾಡಿ ಯಾರಿಗಾದರೂ ತಾಗಿದರೆ ಕೇಸು ನಿಮ್ಮ ಮೇಲೂ ಬರುತ್ತೆ."

ರೊಟ್ಟಿ ತಾಟಿನಲ್ಲೇ ಬಿಟ್ಟು ಎದ್ದೆ.

ಕಾರನ್ನು ಮಾರಿದ್ದು ಅಣ್ಣಿಗೇರಿಯ ಗಾದಿ ಅಂಗಡಿಯ ಕಾಕಾನಿಗೆ. ಮೂವತ್ತು ವರ್ಷದಿಂದ ನಮ್ಮ ಮನೆಯ ಗಾದಿ, ದಿಂಬು ಎಲ್ಲ ಅವರ ಕೈಯವೇ. ನಮ್ಮ ಮೊರಬದ ಕಡೆ ಎತ್ತು ಮಾರುವಾಗ ಹಣೆಗೆ ಕುಂಕುಮ ಹಚ್ಚಿ, ಕೊಂಡವರ ಕೈಗೆ ಹಗ್ಗ ಕೊಟ್ಟರೆ ಮುಗಿಯಿತು, ಕಾಗದದ ಮಾತೇ ಇಲ್ಲ. ಕಾರನ್ನೂ ನಾನು ಹಾಗೇ ಮಾರಿದೆ. ಹೆಂಡತಿ ಬಾನೆಟ್ಟಿಗೆ ಕುಂಕುಮ ಹಚ್ಚಿದಳು, ನಾನು ಕೀಲಿ ಕೈಗಿಟ್ಟೆ. ಕಾಕಾ ಕುಂಕುಮ ಒರೆಸದೆ ಹಾಗೇ ಓಡಿಸಿಕೊಂಡು ಹೋದರು. ಮರುದಿನ ಬೆನ್ನು ಹತ್ತಿ ಹೋಗಿ ಸಹಿ ಮಾಡ್ರಿ ಎಂದರೆ ಏನು ಚಂದ? ನಾಳೆ, ನಾಡಿದ್ದು ಎನ್ನುತ್ತ ವರ್ಷ ಕಳೆಯಿತು.

ಈಗ ಕೇಳದೆ ಗತಿಯಿರಲಿಲ್ಲ. ಹೋದ ರೊಕ್ಕಕ್ಕಿಂತ ನನಗೆ ಇದರದೇ ಚಿಂತೆ. ಈ ಶಾಲೆ ಮಾಸ್ತರಿಗೆ ತಮ್ಮ ಮೇಲೆ ನಂಬಿಕೆ ಇಲ್ಲ ಎಂದುಕೊಂಡು ಕಾಕಾ ನಮ್ಮ ಮನೆಗೆ ಬರುವುದನ್ನೇ ಬಿಟ್ಟರೆ?

ನವಲಗುಂದದಲ್ಲಿ ಬಸ್ಸು ಬದಲಿಸಿ ಅಣ್ಣಿಗೇರಿಗೆ ಹೋದೆ. ಅಂಗಡಿ ಮುಂದೆ ಕಾರು ತಾಡಪತ್ರಿ ಹೊದ್ದು ನಿಂತಿತ್ತು. ಕಾಕಾ ಉದ್ದನೆಯ ಸೂಜಿ ಹಿಡಿದು ಗಾದಿ ಹೊಲಿಯುತ್ತಿದ್ದರು. "ಬರ್ರಿ ಬರ್ರಿ ಮಾಸ್ತರ," ಎಂದು ಚಹಾ ತರಿಸಿದರು. ನಾನು ಕಡಲೆ ಬೆಳೆಯ ಮಾತಾಡಿದೆ. ಮಳೆಯ ಮಾತಾಡಿದೆ. ಎರಡನೇ ಚಹಾ ಬಂತು. ಕೊನೆಗೆ ನೆಲ ನೋಡುತ್ತ, "ಕಾಕಾ, ತಪ್ಪು ತಿಳ್ಕೋಬ್ಯಾಡ್ರಿ. ಆ ಕಾರಿಂದು ಒಂದು ಸಹಿ..." ಎಂದೆ.

ಕಾಕಾ ಸೂಜಿ ಕೆಳಗಿಟ್ಟರು. ಎದ್ದು ಒಳಗೆ ಹೋದರು. ಮುಗೀತು, ಕೈಯಾರೆ ಕೆಡಿಸಿಕೊಂಡೆ ಎಂದುಕೊಂಡೆ.

ಬಂದಾಗ ಅವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಒಳಗೆ ಹೆಸರು ಬದಲಾವಣೆಯ ಅರ್ಜಿ. ಅವರ ಭಾಗವೆಲ್ಲ ತುಂಬಿ ಸಹಿಯಾಗಿತ್ತು. ಖಾಲಿ ಇದ್ದದ್ದು ನನ್ನ ಸಹಿಯ ಜಾಗವೊಂದೇ.

"ಹೋದ ವರ್ಷನ ತುಂಬಿಟ್ಟೀನ್ರಿ. ಕುಂಕುಮ ಹಚ್ಚಿ ಕೊಟ್ಟೋರ ಮುಂದ ಕಾಗದ ಹೆಂಗ ಹಿಡೀಲಿ? ನನ್ನ ಮ್ಯಾಲ ಭರೋಸಾ ಇಲ್ಲೇನು ಅಂತೀರಿ ಅಂತ ಸುಮ್ನಾದೆ. ಈಗ ವಿಮೆನೂ ಮುಗೀತಲ್ಲ, ಅದಕ್ಕ ಗಾಡಿ ಹೊರಗ ತಗದಿಲ್ಲ. ಬಸ್ಸಿನ್ಯಾಗ ಅಡ್ಡಾಡಾಕತ್ತೀನಿ."

"ಮುಗಿದಿಲ್ರೀ ಕಾಕಾ! ನನ್ನ ರೊಕ್ಕ ತಗೊಂಡು ತಾನ ಕಟಗೊಂಡು ಕುಂತೈತಿ!"

ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಅರ್ಧ ಹೊಲಿದ ಗಾದಿಯ ಮೇಲೆಯೇ ಕಾಗದ ಹಾಸಿ ಸಹಿ ಹಾಕಿದೆ. ಹೆಸರು ಬದಲಾಯಿತು. ವಿಮೆಯನ್ನು ರದ್ದು ಮಾಡಿಸದೆ ಕಾಕಾನ ಹೆಸರಿಗೇ ಮಾಡಿಸಿದೆವು. ಬೇಡವೆಂದರೂ ಕೇಳದೆ, ಅವರು ರೊಕ್ಕವನ್ನು ನನ್ನ ಅಂಗಿಯ ಕಿಸೆಗೆ ತುರುಕಿದರು.

ಹೊಸ ಆರ್‌ಸಿ ಕೈಗೆ ಬಂದ ದಿನ ಕಾಕಾ ನನ್ನನ್ನೂ ಹೆಂಡತಿಯನ್ನೂ ಕೂರಿಸಿಕೊಂಡು ಹುಬ್ಬಳ್ಳಿಗೆ ಹೊರಟರು. ಊರು ದಾಟಿದ್ದೇ ತಡ, ಗಾಡಿ ಎಷ್ಟು ಜೋರು ಹೊಡೆದರೆಂದರೆ ನಾನು ಡ್ಯಾಶ್‌ಬೋರ್ಡು ಹಿಡಿದುಕೊಂಡೆ.

"ಸಾವಕಾಶ ಕಾಕಾ! ಇಷ್ಟು ಜೋರು ಹೊಡಿಯೋದು ಯಾವಾಗ ಕಲತ್ರಿ?"

"ಮೊದಲಿಂದನೂ ಬರ್ತೈತ್ರಿ ಮಾಸ್ತರ. ಆದ್ರ ಗಾಡಿ ನಿಮ್ಮ ಹೆಸರಿನ್ಯಾಗಿತ್ತು. ಏನರ ಆದ್ರ ತ್ರಾಸ ನಿಮಗ. ಅದಕ್ಕ ಒಂದು ವರ್ಷ ನಲವತ್ತರ ಮ್ಯಾಲ ಹೋಗಿಲ್ಲ."

ಹಿಂದಿನ ಸೀಟಿನಿಂದ ಹೆಂಡತಿ ಕೂಗಿದಳು: "ಕಾಕಾ, ನಿಮ್ಮ ಕೈ ಮುಗೀತೀನ್ರಿ, ಗಾಡಿ ಮತ್ತ ಇವರ ಹೆಸರಿಗೇ ಮಾಡಿಬಿಡ್ರಿ!"