ಕಂಬ ತೆಗೆಯುವ ಮುನ್ನ ಹುಕ್ಕೇರಿಗೆ

ಶನಿವಾರ ಬೆಳಿಗ್ಗೆ ಘಟಪ್ರಭಾ ನಿಲ್ದಾಣದಲ್ಲಿ ರೈಲಿನಿಂದ ಇಳಿದಾಗ ನನ್ನ ಬಳಿ ಇದ್ದದ್ದು ಒಂದು ಚೀಲ, ಎರಡು ದಿನದ ರಜೆ ಮತ್ತು ಎಷ್ಟು ಸಲ ಕರೆ ಮಾಡಿದರೂ ಯಾರೂ ಎತ್ತದ ಒಂದು ಫೋನ್ ನಂಬರು. ನಂಬರು ಅಪ್ಪಾಸಾಹೇಬರದು. ಹೊರರಾಜ್ಯದ ಗಣಿಯೊಂದರಲ್ಲಿ ಬಂಡೆಯ ಸುರಕ್ಷತೆ ನೋಡಿಕೊಳ್ಳುವ ಎಂಜಿನಿಯರ್ ನಾನು. ಕೆಲಸಕ್ಕೆ ಸೇರಿದಾಗ ಅಲ್ಲಿ ಅವರೇ ಮ್ಯಾನೇಜರ್. ನಿವೃತ್ತಿಯಾಗಿ ಈಗ ತಮ್ಮೂರು ಹುಕ್ಕೇರಿಯಲ್ಲಿದ್ದಾರೆ.

ಅವರನ್ನು ಹುಡುಕಿಕೊಂಡು ಬಂದ ಕಾರಣ ಹೇಳಬೇಕು. ನೆಲದಾಳದಲ್ಲಿ ಅದಿರು ತೆಗೆಯುವಾಗ ಮೇಲಿನ ಬಂಡೆ ಕುಸಿಯದಿರಲೆಂದು ನಡುನಡುವೆ ಅದಿರನ್ನೇ ಕಂಬಗಳಾಗಿ ಬಿಡುತ್ತೇವೆ. ಕೊನೆಗೆ ಆ ಕಂಬಗಳನ್ನೂ ತೆಗೆಯಬಹುದು. ಆದರೆ ಮೊದಲು ಸುತ್ತಲಿನ ಖಾಲಿ ಜಾಗಕ್ಕೆ ಸಿಮೆಂಟು ಬೆರೆಸಿದ ಮರಳು ತುಂಬಬೇಕು, ಅದರ ನೀರೆಲ್ಲ ಬಸಿದು ಗಟ್ಟಿಯಾಗುವವರೆಗೆ ಕಾಯಬೇಕು. ನಮ್ಮಲ್ಲಿ ಮರಳು ತುಂಬಿತ್ತು, ನೀರು ಇನ್ನೂ ಜಿನುಗುತ್ತಿತ್ತು. ಈಗಿನ ಮ್ಯಾನೇಜರ್ ಕೇಶವ್ ಸೋಮವಾರವೇ ಕಂಬಕ್ಕೆ ಸಿಡಿಮದ್ದು ಇಡಿಸುವುದಾಗಿ ಹೇಳಿದರು. ನಾನು ಬೇಡವೆಂದೆ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅವರು ನಕ್ಕು, "ಅಪ್ಪಾಸಾಹೇಬರು ನಿಲ್ಲಿಸು ಅಂದರೆ ನಿಲ್ಲಿಸ್ತೀನಿ, ಹೋಗಿ ಹೇಳಿಸಿಕೊಂಡು ಬನ್ನಿ" ಎಂದರು. ಕೇಶವ್ ಕೂಡ ಅಪ್ಪಾಸಾಹೇಬರ ಕೈಕೆಳಗೆ ಪಳಗಿದವರು. ನಾನು ನಿಜವಾಗಿಯೂ ಹೋಗುತ್ತೇನೆಂದು ಅವರು ಎಣಿಸಿರಲಿಲ್ಲ.

ಅಪ್ಪಾಸಾಹೇಬರು ಸದ್ಯ ಗೋಕಾಕದಲ್ಲಿ ಮಗಳ ಮನೆಗೆ ಬಂದಿದ್ದಾರೆಂದು ಹಳೆಯ ಸಹೋದ್ಯೋಗಿಯೊಬ್ಬರು ತಿಳಿಸಿದ್ದರು. ಗೋಕಾಕದ ಬಸ್ಸು ಹತ್ತಿ, ಹೆಂಗಸರಿಗೆ ಉಚಿತವಲ್ಲವೇ ಎಂದು ಆಧಾರ್ ತೋರಿಸಿದೆ. ಕಂಡಕ್ಟರ್ ಅದನ್ನು ತಿರುಗಿಸಿ ನೋಡಿ, "ಅಕ್ಕಾರ, ಇದು ಬ್ಯಾರೆ ರಾಜ್ಯದ್ದೈತ್ರಿ. ನಿಮಗ ಫ್ರೀ ಇಲ್ರಿ" ಎಂದ. ನಾನು ಕೋಲಾರದ ಕಡೆಯವಳು ಎಂದೆ. "ಕನ್ನಡ ಛಲೋ ಮಾತಾಡ್ತೀರಿ ಬಿಡ್ರಿ" ಎಂದು ಟಿಕೆಟ್ ಹರಿದುಕೊಟ್ಟ. ಪಕ್ಕದಲ್ಲಿದ್ದವರೆಲ್ಲ ಕಾರ್ಡಿನ ಮೇಲೆ ತಮ್ಮ ತಮ್ಮ ಅಭಿಪ್ರಾಯ ಹೇಳುವಷ್ಟರಲ್ಲಿ ಗೋಕಾಕ ಬಂತು.

ಮಗಳು ಪದ್ಮಾ ಬಾಗಿಲು ತೆರೆದಾಗ ನಾನು ಮತ್ತೆ ಆ ನಂಬರು ಒತ್ತಿದ್ದೆ. ಫೋನು ಅದೇ ಮನೆಯೊಳಗೆ, ಟಿವಿಯ ಮೇಲೆ ರಿಂಗಾಯಿತು.

"ಅಪ್ಪಾರ ಫೋನ್ ನಾವು ಎತ್ತೂದಿಲ್ರಿ, ಬೈತಾರ" ಎಂದರು ಪದ್ಮಾ. "ಅವರು ಮುಂಜಾನೆನ ಮೂಡಲಗಿಗೆ ಹ್ವಾದ್ರು. ಎಮ್ಮಿ ನೋಡಾಕ."

"ಎಮ್ಮೆ?"

"ರಿಟೈರ್ ಆದಮ್ಯಾಲೆ ಅದೊಂದ ಹುಚ್ಚರಿ. ಬರ್ರಿ, ಉಂಡ ಹೋಗ್ರಿ."

ಉಣ್ಣದೆ ಹೊರಡಲು ಆ ಮನೆಯಲ್ಲಿ ದಾರಿಯಿರಲಿಲ್ಲ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಬೇರೆ ದಿನವಾಗಿದ್ದರೆ ಬೆರಳು ನೆಕ್ಕಿ ತಿನ್ನುತ್ತಿದ್ದೆ. ಆ ದಿನ ತುತ್ತುತುತ್ತಿಗೂ ಗಡಿಯಾರ ನೋಡಿದೆ. ಗೋಕಾಕಕ್ಕೆ ಬಂದು ಫಾಲ್ಸ್ ನೋಡದೆ ಹೋಗ್ತೀರಾ ಎಂದು ಪದ್ಮಾ ಕೇಳಿದಾಗ ಏನು ಉತ್ತರ ಕೊಟ್ಟೆನೋ ನೆನಪಿಲ್ಲ, ಒಳ್ಳೆಯ ಉತ್ತರವಂತೂ ಆಗಿರಲಾರದು.

ಮೂಡಲಗಿಯ ದಾರಿ ಕಬ್ಬಿನ ಟ್ರ್ಯಾಕ್ಟರುಗಳದು. ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಾಡು ಹಚ್ಚಿಕೊಂಡು, ರಸ್ತೆಯ ನಟ್ಟನಡುವೆ ಹೊರಟಿದ್ದವು. ಒಂದರ ಚಕ್ರ ಕಳಚಿ ಕಬ್ಬೆಲ್ಲ ಚೆಲ್ಲಿತ್ತು. ನಮ್ಮ ಬಸ್ಸಿನವರು ಇಳಿದು ತಲಾ ಒಂದು ಗಳ ಮುರಿದುಕೊಂಡು ನೆಮ್ಮದಿಯಾಗಿ ತಿನ್ನತೊಡಗಿದರು. ಒಬ್ಬಾಕೆ ನನಗೂ ಒಂದು ತುಂಡು ಕೊಟ್ಟಳು. ಸಿಟ್ಟಿನಲ್ಲೇ ಜಗಿದೆ.

ಎಮ್ಮೆಯ ಮಾಲೀಕ ಮಲ್ಲಪ್ಪನ ಮನೆ ಸಿಕ್ಕಾಗ ಹೊತ್ತು ಇಳಿದಿತ್ತು. "ಸಾಹೇಬ್ರಿಗೆ ನಮ್ಮ ಎಮ್ಮಿ ಮನಸಿಗಿ ಬರ್ಲಿಲ್ರಿ" ಎಂದ ಆತ, ನನ್ನದೇ ತಪ್ಪೆಂಬಂತೆ. "ಕೋಡ ನೆಟ್ಟಗಿಲ್ಲ ಅಂದ್ರು. ಹುಕ್ಕೇರಿಗೆ ಹ್ವಾದ್ರು."

"ಯಾವಾಗ?"

"ನೀವು ಬರೂ ಮುಂದ ನಿಮ್ಮ ಎದರೀಗೆ ಹ್ವಾದ ಬಸ್ಸಿನ್ಯಾಗ ಇದ್ರು ನೋಡ್ರಿ ಅವರು!"

ನಾನು ಕಬ್ಬು ಜಗಿಯುತ್ತ ನಿಂತಿದ್ದಾಗ ಅಪ್ಪಾಸಾಹೇಬರು ಅದೇ ರಸ್ತೆಯಲ್ಲಿ, ಆಚೆ ಬದಿಯ ಬಸ್ಸಿನಲ್ಲಿ ಕುಳಿತಿದ್ದರು. ಹುಕ್ಕೇರಿಗೆ ಆಗ ಬಸ್ಸಿರಲಿಲ್ಲ. ಘಟಪ್ರಭಾಕ್ಕೆ ವಾಪಸು ಬಂದು, ಬಿಸಿನೀರು ಬಾರದ ಲಾಡ್ಜೊಂದರಲ್ಲಿ ಬಿದ್ದುಕೊಂಡೆ.

ಭಾನುವಾರ ಹುಕ್ಕೇರಿಗೆ ಹೋಗುವಾಗ ಧುಪದಾಳದ ಬಳಿ ಅಣೆಕಟ್ಟೆಯ ಮೇಲಿಂದ ನೀರು ಬೆಳ್ಳಗೆ ಇಳಿಯುತ್ತಿತ್ತು. ಬಸ್ಸಿನವರೆಲ್ಲ ಕಿಟಕಿಗೆ ಮುಗಿಬಿದ್ದರು. ನನಗೆ ಮಾತ್ರ ಮರಳಿನ ಗೋಡೆಯಿಂದ ಜಿನುಗುವ ನೀರೇ ಕಾಣುತ್ತಿತ್ತು. ಆ ಗೋಡೆಯೊಳಗೆ ನೀರು ನಿಂತಿರುವಾಗ ಪಕ್ಕದ ಕಂಬವನ್ನು ಸಿಡಿಸಿದರೆ ಇಡೀ ಮರಳು ಕೆಸರಾಗಿ ಸುರಂಗಕ್ಕೆ ನುಗ್ಗುತ್ತದೆ. ಓಡಲು ಸಮಯ ಸಿಗುವುದಿಲ್ಲ.

ಹುಕ್ಕೇರಿಯ ಮನೆಯ ಹಿತ್ತಲಲ್ಲಿ ಅಪ್ಪಾಸಾಹೇಬರು ಯಾರಿಗೋ ಮರಾಠಿಯಲ್ಲಿ ಬೈಯುತ್ತಿದ್ದರು. ನನ್ನನ್ನು ನೋಡಿ ದನಿ ಇಳಿಸಿದರು. "ಏನವ್ವಾ, ಇಲ್ಲೀತನ?" ಚಹಾ ಬಂತು. ಎಲ್ಲ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು.

"ಕೇಶವ್‌ಗೆ ಒಂದು ಫೋನ್ ಮಾಡಿ ಸರ್. ನಿಲ್ಲಿಸು ಅನ್ನಿ, ಸಾಕು."

"ನಾ ಹೇಳೂದಿಲ್ಲ" ಎಂದರು.

ಎರಡು ದಿನದ ಸಿಟ್ಟು ಒಮ್ಮೆಗೇ ಮೇಲೆ ಬಂತು. "ಫೋನ್ ಮನೆಯಲ್ಲಿ ಬಿಟ್ಟು ಎಮ್ಮೆ ನೋಡೋಕೆ ಹೋಗ್ತೀರಿ, ಊರೂರು ಅಲೆಸ್ತೀರಿ, ಈಗ ಹೇಳೋದಿಲ್ಲ ಅಂತೀರಿ! ಅಲ್ಲಿ ಕೆಳಗೆ ಇಳಿಯೋರು ಮನುಷ್ಯರಲ್ವಾ ಸರ್?"

ಅವರ ಹೆಂಡತಿ ಬಾಗಿಲಲ್ಲಿ ಬಂದು ನಿಂತರು. ಅಪ್ಪಾಸಾಹೇಬರಿಗೆ ಸಿಟ್ಟು ಬರಲಿಲ್ಲ. "ನಾ ಆ ಜಾಗಾ ನೋಡಿ ಎಷ್ಟ ವರ್ಷಾತು. ಹುಕ್ಕೇರ್ಯಾಗ ಕುಂತು ಅಲ್ಲಿ ಬಂಡೆ ಹೆಂಗೈತಿ ಅಂತ ಹೇಳಿದ್ರ ಅದು ಖರೆ ಆಗತೈತೇನು? ನೀರ ನೋಡಿದಾಕಿ ನೀ. ಅಪಾಯ ಕಂಡ್ರ ಮಂದೀನ ಹೊರಗ ಹಾಕೂ ಅಧಿಕಾರ ನಿನಗೈತಿ. ಅದನ್ನ ಬಳಸಾಕ ನನ್ನ ಕೇಳಾಕ ಬಂದಿಯೇನು?"

ಅಧಿಕಾರವಿತ್ತು, ನಿಜ. ಅದನ್ನು ಬಳಸಿದ ಮೇಲೆ ಕೇಶವ್ ಜೊತೆ ದಿನವೂ ಕೆಲಸ ಮಾಡಬೇಕಾದವಳೂ ನಾನೇ ಆಗಿದ್ದೆ.

ಅಲ್ಲಿಂದಲೇ ಕೇಶವ್‌ಗೆ ಫೋನ್ ಮಾಡಿದೆ. ಕಂಬವಿರುವ ಆ ಸುರಂಗಕ್ಕೆ ಬೇಲಿ ಹಾಕಿಸುತ್ತಿದ್ದೇನೆ, ನೀರು ನಿಲ್ಲುವವರೆಗೆ ಯಾರೂ ಒಳಗೆ ಹೋಗುವಂತಿಲ್ಲ ಎಂದೆ. ಅವರು ಕೂಗಾಡಿದರು. ನಾನು ಹೇಳಿದ್ದನ್ನೇ ಮತ್ತೆ ಹೇಳಿದೆ. "ಸಾಹೇಬರು ಏನಂದ್ರು? ಅವರಿಗೆ ಕೊಡಿ" ಎಂದರು.

ಅಪ್ಪಾಸಾಹೇಬರು ಫೋನ್ ತೆಗೆದುಕೊಂಡರು. "ಕೇಶವಾ, ನಾ ನೋಡಿಲ್ಲ. ನೋಡಿದಾಕಿ ಹೇಳಾಕತ್ತಾಳ. ಕೇಳು." ಅಷ್ಟೇ ಹೇಳಿ ನನ್ನ ಕೈಗೆ ವಾಪಸು ಕೊಟ್ಟರು. ಅಷ್ಟರಲ್ಲಿ ಕೇಶವ್ ಕರೆ ಮುಗಿಸಿದ್ದರು. ನಾನು ಕೂಡಲೇ ಪಾಳಿಯ ಮೇಲ್ವಿಚಾರಕನಿಗೆ ಕರೆ ಮಾಡಿ ಬೇಲಿ ಹಾಕಿಸಿದೆ.

ಸಂಜೆಯ ರೈಲಿಗೆ ಹೊರಟಾಗ ಅಪ್ಪಾಸಾಹೇಬರ ಹೆಂಡತಿ ಬುತ್ತಿ ಕಟ್ಟಿಕೊಟ್ಟರು. ಅಪ್ಪಾಸಾಹೇಬರು ಬಸ್‌ಸ್ಟ್ಯಾಂಡಿನವರೆಗೂ ಬಂದು, "ಇನ್ನಮ್ಯಾಲೆ ಫೋನ್ ಎತ್ತತೇನವಾ" ಎಂದರು. ನಾನು ನಂಬಲಿಲ್ಲ.

ಸೋಮವಾರ ಮಧ್ಯಾಹ್ನ ಗಣಿ ತಲುಪಿ, ನೇರ ಕೆಳಗೆ ಇಳಿದೆ. ಬೇಲಿ ಇತ್ತು. ಅದರಾಚೆ ಮರಳಿನ ಗೋಡೆಯ ಬುಡದಲ್ಲಿ ನೀರು ಇನ್ನೂ ಹರಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಹಿಂದೆ ದೀಪ ಕಾಣಿಸಿತು. ಕೇಶವ್ ಬಂದು ಪಕ್ಕದಲ್ಲಿ ನಿಂತರು. ಬೇಲಿ ದಾಟಲಿಲ್ಲ. ತಲೆಯ ದೀಪವನ್ನು ನೀರಿನ ಮೇಲೆ ಬಿಟ್ಟು ಬಹಳ ಹೊತ್ತು ನೋಡಿದರು.

"ಇನ್ನೆಷ್ಟು ದಿನ?" ಎಂದರು, ಸಿಡುಕಿನಿಂದಲೇ.

"ಗೊತ್ತಿಲ್ಲ" ಎಂದೆ. "ನಾಳೆ ಮತ್ತೆ ನೋಡೋಣ."