ಕುಣಿಗಿಳಿದು ಕುಳಿತ ಚಿಗವ್ವ

ಮಧ್ಯಾಹ್ನ ಸರಿಯಾಗಿ ಮೂರು ಗಂಟೆಗೆ ಮೊದಲ ಬುಟ್ಟಿ ಮಣ್ಣು ಚಿಗವ್ವನ ಎಡ ಹೆಗಲ ಮೇಲೆ ಬಿತ್ತು. ಸೆರಗಿನಲ್ಲಿ ಸಿಕ್ಕಿಕೊಂಡ ಹೆಂಟೆಯೊಂದನ್ನು ತೆಗೆದು ಅವಳು ಹೊರಗಿಟ್ಟಳು. ಎದ್ದು ಬರಲಿಲ್ಲ.

ಕಂಪನಿ ಸರಕಾರದ ವಿರುದ್ಧ ನರಗುಂದದಲ್ಲಿ ಎದ್ದ ಬಂಡಾಯಕ್ಕೆ ಎರಡು ವರ್ಷ ಮುಂಚಿನ ಮಾತು. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ನಾಲ್ಕೈದು ಮನೆಯವರು ಕ್ರೈಸ್ತರಾಗಿದ್ದರು. ಪುಣೆಯ ಕಾಲೇಜಿನಲ್ಲಿ ಓದಿ ಬಂದ ನಾನು ಅವರ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದೆ. ಎದುರುಮನೆಯ ವಿಧವೆ ನನಗೆ ಬಂಧುವಲ್ಲ. ಆದರೆ ಓಣಿಗೆಲ್ಲ ಅವಳು ಚಿಗವ್ವ, ಚಿಕ್ಕಮ್ಮ. ಎಳೆ ಹರಿದರೆ ಬೆರಳಿಗೆ ಉಗುಳು ಹಚ್ಚಿ ಒಂದೇ ತಿರುವಿಗೆ ಕೂಡಿಸುವವಳು. ನನ್ನ ಪ್ರಾರ್ಥನೆ ಉದ್ದವಾದರೆ, "ಮಾಸ್ತರ್ರ, ದೇವರಿಗೂ ಬ್ಯಾರೆ ಕೆಲಸ ಅದಾವ್ರಿ" ಎನ್ನುವವಳು.

ನಮ್ಮ ಕಡೆ ಮಗ್ಗದ ಮುಂದೆ ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ನೇಯುತ್ತಾರೆ. ಓಣಿಯ ಹೆಂಗಸರು ನೂಲು ಸುತ್ತಬಹುದು, ಕುಣಿಗೆ ಇಳಿಯುವಂತಿಲ್ಲ. ಗಂಡುಮಗನಿಲ್ಲದ ನೇಕಾರ ಸತ್ತರೆ ತಮ್ಮ ಬಂದು ಕುಣಿ ಮುಚ್ಚಿ ಮಗ್ಗ ಒಯ್ಯುತ್ತಾನೆ. ದೇವರನ್ನು ಬದಲಿಸಿದವರು ಈ ಕಟ್ಟಳೆಯನ್ನು ಮಾತ್ರ ಹಾಗೆಯೇ ಹೊತ್ತು ತಂದಿದ್ದರು. ಗಂಡ ತೀರಿದ ಮೇಲೆ ಚಿಗವ್ವನಿಗೆ ಉಳಿದದ್ದು ಒಬ್ಬಳು ಮಗಳು ಮತ್ತು ಆ ಮಗ್ಗ. ಮೈದುನ ಮಣ್ಣು ತರುತ್ತಾನೆಂದು ತಿಳಿದದ್ದೇ ಅವಳು ಕುಣಿಗಿಳಿದು ಕುಳಿತಳು.

"ಏಳ ವೈನಿ, ನಗಿಗೇಡ ಮಾಡಬ್ಯಾಡ," ಎಂದ ಮೈದುನ.

"ದೀಕ್ಷಾಸ್ನಾನದ ದಿನ ನಿನ್ನ ತಲಿಮ್ಯಾಲ ಯಾ ಗಿಂಡಿ ನೀರು ಬಿತ್ತೋ, ನನ್ನ ತಲಿಮ್ಯಾಲೂ ಅದ ಬಿತ್ತು. ಸ್ವರ್ಗದಾಗ ನನಗ ಸಮಪಾಲು, ಗಜೇಂದ್ರಗಡದಾಗ ಇಲ್ಲೇನ? ಮಗ್ಗ ನನ್ನ ಮಗಳದು."

"ಹಾಕ್ರಿ ಮಣ್ಣ!" ಎಂದು ಅವನು ಕೂಗಿದ.

ಮಣ್ಣು ಸೊಂಟ ಮುಟ್ಟಿತು, ಎದೆ ಮುಟ್ಟಿತು. ಧೂಳಿಗೆ ಅವಳು ಕೆಮ್ಮತೊಡಗಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಕ್ರಿಸ್ತನ ಮುಂದೆ ಹೆಣ್ಣೂ ಗಂಡೂ ಒಂದೇ ಎಂದು ಹಿಂದಿನ ಭಾನುವಾರವಷ್ಟೇ ಅರ್ಧ ಗಂಟೆ ಬೋಧಿಸಿದವನು. ಹೊಸಿಲು ದಾಟಲಿಲ್ಲ.

ಮಣ್ಣು ಹೊರುತ್ತಿದ್ದವರಲ್ಲಿ ಮೈದುನನ ಹೆಂಡತಿಯೂ ಇದ್ದಳು. ಅವಳು ತನ್ನ ಬುಟ್ಟಿಯನ್ನು ಅಂಗಳದಲ್ಲೇ ಕುಕ್ಕಿ ಬಂದು, ಕುಣಿಯ ಅಂಚಿಗೆ ಮಂಡಿಯೂರಿ ಚಿಗವ್ವನ ತಲೆಯನ್ನು ತಬ್ಬಿಕೊಂಡಳು.

"ಆ ನೀರು ನನಗೂ ಬಿದ್ದೈತಿ. ಹಾಕ್ರಿ ಈಗ. ನಾಳಿ ರೊಟ್ಟಿ ಬಡಿಯಾಕ ಯಾರನ್ನ ಕರೀತೀರಿ, ನೋಡೂಣು!"

ಮೈದುನ ಬುಟ್ಟಿ ಕೆಳಗಿಟ್ಟ. ಆಗ ನಾನು ಹೋಗಿ ಕೈಯಿಂದ ಮಣ್ಣು ತೋಡಿದೆ, ಅಪಾಯ ಕಳೆದ ಮೇಲೆ.

ಮುಂದಿನ ವಾರ ಕ್ರೈಸ್ತ ಸಭೆಯ ಹಿರಿಯರು ಮಗ್ಗ ಮಗಳದೆಂದು ಒಪ್ಪಿದರು. ಕಾಗದ ಬರೆದವನು ನಾನು. ಹೆಂಗಸರು ರುಜುವಿಗೆ ಬಳೆಯ ಗುರುತು ಹಾಕುವ ಕಡೆ ಚಿಗವ್ವ ನೇಕಾರ ಗಂಡಸರಂತೆ ಲಾಳಿಯ ಗುರುತು ಹಾಕಿ, ತಲೆಯೆತ್ತಿ ಕೇಳಿದಳು: "ಮಾಸ್ತರ್ರ, ನಿಮ್ಮಪ್ಪನ ಹೊಲದಾಗ ನಿಮ್ಮ ತಂಗೀದು ಎಷ್ಟೈತ್ರಿ?"

ಪುರ್ತಗೇರಿಯ ಆ ಹೊಲವನ್ನು ನಾನು ಇಡಿಯಾಗಿ ನನ್ನ ಹೆಸರಿಗೆ ಮಾಡಿಕೊಂಡಿದ್ದೆ. ಕಾಗದದ ಮಸಿ ಆರಿಸುವ ನೆಪದಲ್ಲಿ ಊದುತ್ತ ಕೂತೆ.

ಚಿಗವ್ವ ಎರಡು ವರ್ಷ ನೇಯ್ದಳು, ಮಗಳಿಗೂ ಕಲಿಸಿದಳು. ಎದೆಗೆ ಹೊಕ್ಕ ಕೆಮ್ಮು ಮಾತ್ರ ಬಿಡಲಿಲ್ಲ, ಅದರಲ್ಲೇ ತೀರಿಕೊಂಡಳು. ಅಷ್ಟೂ ದಿನ ಕಣ್ಣು ಮುಚ್ಚಿದರೆ ಮಣ್ಣು ಬೀಳುವ ಸದ್ದು ಕೇಳಿ ನಾನು ದಿಗ್ಗನೆ ಎದ್ದು ಕೂರುತ್ತಿದ್ದೆ. ಅವಳನ್ನು ಮಣ್ಣು ಮಾಡಿ ಬಂದ ಮೇಲೂ ಅದು ನಿಲ್ಲಲಿಲ್ಲ. ಕೊನೆಗೆ ತಂಗಿಯನ್ನು ಅವಳ ಗಂಡನ ಊರು ಇಟಗಿಯಿಂದ ಕರೆಸಿ, ಹೊಲದ ನಡುವೆ ಬದು ಹಾಕಿಸಿ, ಬಾವಿಯಿದ್ದ ಅರ್ಧವನ್ನು ಅವಳ ಹೆಸರಿಗೆ ಬರೆದೆ.

"ಯಾಕಣ್ಣಾ, ಏನಾತು?" ಎಂದು ಅವಳು ಗಾಬರಿಯಾದಳು.

"ಏನಿಲ್ಲವಾ, ತಡಾ ಆತು," ಎಂದೆ.

ಆ ದಿನ ಮಲಗಿದವನಿಗೆ ಬೆಳಗಾದದ್ದೇ ತಿಳಿಯಲಿಲ್ಲ.